ಮುಟ್ಟಿ ನೋಡಲಾರದ ಸೀರಿ

ಟಿವ್ಯಾಗ ಸೀರಿ ಮಾರೋದರ ಸುದ್ದಿ ತಗದ್ರ ನಮ್ಮ ಓಣ್ಯಾಗ ಒಬ್ಬೊಬ್ಬರದೂ ಒಂದೊಂದು ತಕರಾರ ಐತಿ. ಪರದೆ ಮ್ಯಾಲ ಮಾವಿನಕಾಯಿ ಹಸಿರು, ಪಾರ್ಸಲ್ ಒಡದ್ರ ಪಾಚಿ ಹಸಿರು. ಸೆರಗಿನ ತುಂಬ ಕಸೂತಿ ಕಂಡಿದ್ದು ಕೈಯಾಗ ಹಿಡದ್ರ ಬರೇ ಛಾಪಾ. ನಿರಿಗಿ ನಾಲ್ಕಕ್ಕ ಮುಗದು ಐದನೇದಕ್ಕ ಅರಿವಿ ಸಾಲೂದಿಲ್ಲ. ತಲಿ ಮ್ಯಾಲ ಸೆರಗ ಹೊತಗೋಬೇಕಂದ್ರ ಹೆಗಲ ಮ್ಯಾಲೇ ತೀರಿಹೋಗಿರತೈತಿ. ಮತ್ತ ಆ ಹರಳು! ಒಂದ ಸಲ ನೀರಿಗೆ ಹಾಕಿದ್ರ ಅರ್ಧ ಹರಳು ಬಕೀಟಿನ ತಳದಾಗ.

ಬೈಯ್ಯೋದು ಸುಲಭ. ಆದ್ರ ನನಗ ಒಂದು ಪ್ರಶ್ನಿ ಭಾಳ ದಿವಸದಿಂದ ಕಾಡತೈತಿ. ನಮ್ಮ ಆಯಿ, ಮುತ್ತಜ್ಜಿ ಸಾಲಿ ಕಟ್ಟಿ ಹತ್ತಿದವರಲ್ಲ. ಆದ್ರ ಸೀರಿ ವಿಷಯದಾಗ ಅವರಿಗೆ ಮೋಸ ಮಾಡೋದು ಸಣ್ಣ ಮಾತಾಗಿರಲಿಲ್ಲ. ನಾವು ಡಿಗ್ರಿ ಮುಗಿಸಿದವರು, ನಾಲ್ಕು ಸೀರಿಗೆ 999 ರೂಪಾಯಿ ಅಂದ ಕೂಡ್ಲೆ ಫೋನ್ ಎತ್ತತೀವಿ. ನಡುವ ಏನಾತು? ಇದನ್ನ ತಿಳಕೋಬೇಕಂದ್ರ ನಮ್ಮ ಭಾಗದಾಗ ಸೀರಿ ಯಾರು ನೇಯ್ತಿದ್ರು, ಯಾರು ತಂದು ಮಾರ್ತಿದ್ರು, ಹೆಣ್ಮಕ್ಕಳು ಹೆಂಗ ಆರಿಸ್ತಿದ್ರು ಅನ್ನೋದನ್ನ ಸ್ವಲ್ಪ ಹಿಂದಿನಿಂದ ನೋಡಬೇಕು.

ನಮಗ ಹತ್ತಿರದ ಮಗ್ಗದ ಊರು ಅಂದ್ರ ಶಹಾಪುರ. ಈಗ ಅದು ಬೆಳಗಾವಿಯೊಳಗಿನ ಒಂದು ಭಾಗ, ಆದ್ರ ಬ್ರಿಟಿಷರ ಕಾಲದಾಗ ಬ್ಯಾರೆ ರಾಜ್ಯ. ಬೆಳಗಾವಿ ಇಂಗ್ರೇಜರದು, ಶಹಾಪುರ ಸಾಂಗ್ಲಿ ಪಟವರ್ಧನರದು. 1948ರಾಗ ಸಾಂಗ್ಲಿ ಸಂಸ್ಥಾನ ಮುಂಬೈ ಪ್ರಾಂತಕ್ಕ ಸೇರೋ ತನಕಾ ಹಂಗ ಇತ್ತು. ಶಹಾಪುರ, ವಡಗಾವಿ, ಖಾಸಬಾಗ ಈ ಮೂರೂ ಕಡೆ ನೇಕಾರರ ಮನಿ ಸಾಲಿಗೆ ಸಾಲು. ನೂಲಿಗೂ ದೂರ ಹೋಗಬೇಕಾಗಿರಲಿಲ್ಲ, ಗೋಕಾಕ ಫಾಲ್ಸದ ನೀರಿನ ಬಲದ ಮ್ಯಾಲ 1880ರ ದಶಕದಾಗನ ಅಲ್ಲಿ ನೂಲಿನ ಗಿರಣಿ ಸುರು ಆಗಿತ್ತು. ಇವತ್ತಿಗೂ ಗೋವಾದವರು, ಕೊಂಕಣದವರು ಲಗ್ನದ ಜವಳಿಗೆ ಘಟ್ಟ ಹತ್ತಿ ಬೆಳಗಾವಿಗೆ ಬರತಾರಲ್ಲ, ಅದರ ಬೇರು ಇಲ್ಲಿ ಐತಿ.

ಇನ್ನ ಮನಸಿನಾಗಿನ ಸೀರಿ ಅಂದ್ರ ಇಳಕಲ್ಲಿಂದು. ಇದರ ಕೆಲಸ ಸ್ವಲ್ಪ ಬಿಡಿಸಿ ಹೇಳತೇನಿ, ಯಾಕಂದ್ರ ಟಿವ್ಯಾಗ 'ಇಳಕಲ್' ಅಂತ ತೋರಿಸೋದು ಏನಂತ ಆಮ್ಯಾಲ ತಿಳೀತೈತಿ. ಇಳಕಲ್ ಸೀರಿಯೊಳಗ ಮೈ ಭಾಗದ ಹಾಸು ಹತ್ತಿದು, ಸೆರಗಿನ ಹಾಸು ರೇಷ್ಮಿದು. ಎರಡೂ ಬ್ಯಾರೆ ಬ್ಯಾರೆ ಹಾಸು. ಅವನ್ನ ಮಗ್ಗದ ಮ್ಯಾಲನ ಒಂದೊಂದೇ ಎಳಿ ಹಿಡದು ಕೊಂಡಿ ಹಾಕಿ ಜೋಡಸತಾರ. ಹಿಂಗಾಗಿ ಒಂದು ಉದ್ದನ್ನ ಹಾಸು ಹಾಕಿ ಹತ್ತು ಸೀರಿ ನೇದು ಕತ್ತರಿಸೋ ಹಂಗಿಲ್ಲ, ಪ್ರತಿ ಸೀರಿಗೂ ಹೊಸಾ ಹಾಸು, ಹೊಸಾ ಕೊಂಡಿ. ಸೆರಗು ಕೆಂಪು, ಅದರ ಮ್ಯಾಲ ಬಿಳಿ ತೆನಿ. ಒಂದು ಜ್ವಾಳದ ತೆನಿ ನಮೂನಿ, ಒಂದು ಹಣಗಿ, ಒಂದು ಕೋಟಿ ಕಮ್ಮಲಿ, ಅಂದ್ರ ಕ್ವಾಟಿ ಗ್ವಾಡಿ ಮ್ಯಾಲಿನ ಹಲ್ಲು ಇರತಾವಲ್ಲ, ಹಂಗ. ದಡಿಯೊಳಗ ಚಿಕ್ಕಿ ಪರಾಸ, ಗೋಮಿ, ಗಾಡಿ. ಹೆಸರು ಕೇಳಿದ ಕೂಡ್ಲೆ ಹಿರ್ಯಾರಿಗೆ ಕಣ್ಣಮುಂದ ಸೀರಿ ಬರತಿತ್ತು. ಕುಬಸಕ್ಕ ಗುಳೇದಗುಡ್ಡದ ಖಣ. ಲಗ್ನದ ಹುಡಗಿಗೆ ಕರೀ ಚಂದ್ರಕಾಳಿ, ಅದರ ಮ್ಯಾಲ ಕೈಯಿಂದ ಹಾಕಿದ ಕಸೂತಿ.

ಇಷ್ಟೆಲ್ಲಾ ಹೆಸರು ಹೆಣ್ಮಕ್ಕಳ ಬಾಯಾಗ ಇತ್ತು ಅಂದ್ರ ಅದು ಬರೇ ಹೆಸರಲ್ಲ, ತಪಾಸ ಮಾಡೋ ಕಲಿಕಿ. ಸೀರಿ ಮುಂದ ಬಿಚ್ಚಿದ ಕೂಡ್ಲೆ ಆಯಿ ಮೊದಲ ಹೊಳ್ಳಿ ಹಾಕಿ ಹಿಂಬದಿ ನೋಡಾಕಿ. ಹಿಂದ ದಾರ ಓಡಿದ್ರ ನೇಯ್ಗಿ, ಹಿಂದ ಮಬ್ಬ ಮಬ್ಬ ಬಣ್ಣ ಇದ್ರ ಛಾಪಾ. ಕಸೂತಿ ಇದ್ರ ಗವಂತಿ ಮತ್ತ ಮುರಗಿ ಎರಡೂ ಕಡೆ ಒಂದೇ ಸಮ ಕಾಣಬೇಕು. ಆಮ್ಯಾಲ ಹೆಬ್ಬಟ್ಟು ತೋರಬಟ್ಟಿನ ನಡುವ ಅರಿವಿ ಹಿಡದು ತಿಕ್ಕಿ ಗಂಜಿ ಎಷ್ಟು ಉದರತೈತಿ ನೋಡಾಕಿ. ಬಿಸಲಿಗೆ ಹಿಡದು ಎಳಿ ದಟ್ಟ ಅದಾವೋ ವಿರಳ ಅದಾವೋ ನೋಡಾಕಿ. ಒಂದು ತುದಿ ಹಸಿ ಮಾಡಿ ಬಿಳಿ ವಸ್ತ್ರಕ್ಕ ಒರಸಿದ್ರ ಬಣ್ಣದ ಪಕ್ಕಾತನ ಗೊತ್ತಾಗತಿತ್ತು. ಕಡೀಕ ಮೊಳ ಹಾಕಿ ಅಳಿಯೋದು. ಐದು ನಿಮಿಷದ ಕೆಲಸ, ಆದ್ರ ಮಾರಾವನ ಮಾತು ಒಂದೂ ಬೇಕಾಗತಿರಲಿಲ್ಲ.

ಜಾಂಬೋಟಿಗೆ ಸೀರಿ ಬರತಿದ್ದದ್ದ ಒಂದು ದೊಡ್ಡ ಪ್ರಯಾಣ. ಬೆಳಗಾವಿಯಿಂದ ಚೋರ್ಲಾ ಘಾಟಿನ ಕಡೆ ಹೋಗೋ ರಸ್ತೆ, ಸುತ್ತ ಅಡವಿ, ಮುಂದ ಕಣಕುಂಬಿ. ಬೆಳಗಾವಿ ಪ್ಯಾಟಿಗೆ ಹೋಗೋದು ವರ್ಷಕ್ಕ ಒಂದೋ ಎರಡೋ ಸಲ, ಲಗ್ನ ಇದ್ರ. ಉಳದ ದಿವಸ ಗಂಟು ಹೊತ್ತು ಬರೋ ಸೀರಿ ಮಾರಾವನ ಗತಿ. ಮೊದಲ ಹೆಗಲ ಮ್ಯಾಲ, ಆಮ್ಯಾಲ ಸೈಕಲ್ಲಿನ ಹಿಂದ. ಕಟ್ಟಿ ಮ್ಯಾಲ ಗಂಟು ಬಿಚ್ಚಿದ ಅಂದ್ರ ಓಣಿ ಹೆಣ್ಮಕ್ಕಳೆಲ್ಲಾ ಹಾಜರ. ಕೊಳ್ಳೋರು ಇಬ್ಬರು, ತಪಾಸ ಮಾಡೋರು ಹದಿನೈದು ಮಂದಿ! ರೊಕ್ಕ ಸುಗ್ಗಿ ಮ್ಯಾಲ ಕೊಡೋದು, ಅಲ್ಲೀ ತನಕಾ ಉದ್ರಿ. ಈ ಉದ್ರಿ ಅನ್ನೋದನ್ನ ನಾವು ಬಡತನದ ಗುರ್ತು ಅಂತ ತಿಳಕೋತೀವಿ, ನನಗ ಹಂಗ ಅನಸೂದಿಲ್ಲ. ಬಾಕಿ ವಸೂಲಿಗೆ ಅವ ಮತ್ತ ಬರಲೇಬೇಕು. ಬಣ್ಣ ಬಿಟ್ಟ ಸೀರಿ ಅವತ್ತು ಅವನ ಮಾರಿ ಮುಂದ ಬೀಳತಿತ್ತು. ಅದಕ್ಕ ಹೆದರಿ ಅವ ಕೆಟ್ಟ ಮಾಲು ಈ ಓಣಿಗೆ ತರತಿರಲಿಲ್ಲ. 'ಹೋದ ಸಲದ್ದು ದಡಿ ಸಣ್ಣಾತು, ಈ ಸಲ ಅಗಲ ತರ್ರಿ' ಅಂದ್ರ ಆ ಮಾತು ಅವನ ಕೂಡ ಮಗ್ಗದ ಮನೀ ತನಕಾ ಹೋಗತಿತ್ತು. ನಾವು ಉಡೋ ಸೀರಿ ಹೆಂಗಿರಬೇಕು ಅನ್ನೋದರಾಗ ನಮ್ಮದೂ ಒಂದು ಮಾತು ಇತ್ತು.

ಎಲ್ಲಾ ಕಾಲವೂ ಚಲೋ ಇತ್ತಂತ ನಾ ಹೇಳಾಕ ಹೊಂಟಿಲ್ಲ ಮತ್ತ. 1924ರಾಗ ಬೆಳಗಾವಿಯೊಳಗ ಗಾಂಧೀಜಿ ಅಧ್ಯಕ್ಷತಿಯೊಳಗ ಕಾಂಗ್ರೆಸ್ ಅಧಿವೇಶನ ಆತು. ಅಲ್ಲೇ ಒಪ್ಪಿದ ಕಟ್ಟಳಿ ಏನಂದ್ರ ಕಾಂಗ್ರೆಸ್ ಸದಸ್ಯ ಆಗಬೇಕಾದ್ರ ತಿಂಗಳಿಗೆ 2000 ಗಜ ನೂಲು ಕೊಡಬೇಕು. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ಖಾದಿಗಾಗಿ ಊರೂರು ತಿರಗಿದ್ರು. ಖಾದಿ ಮ್ಯಾಲ ಭಕ್ತಿ ಇತ್ತು, ಆದ್ರ ಒಂಬತ್ತು ವಾರಿ ಖಾದಿ ಸೀರಿ ಕಚ್ಚಿ ಹಾಕಿ ಉಟ್ಟು ಗದ್ಯಾಗ ನಾಟಿ ಮಾಡೋದು ಅಂದ್ರ ಏನು ಭಾರ ಅಂತ ಉಟ್ಟವರಿಗೇ ಗೊತ್ತು. ಮುಂದ ಎರಡನೇ ಮಹಾಯುದ್ಧದಾಗ ಬಟ್ಟಿಗೂ ಬರ ಬಂತು. 1943ರಾಗ ಸರಕಾರ ಬಟ್ಟಿ, ನೂಲಿನ ಮ್ಯಾಲ ನಿಯಂತ್ರಣ ತಂದಿತು, ಸೀರಿನೂ ರೇಶನ್ನದಾಗ. ಆಗ ಆರಿಸೋ ಮಾತ ಎಲ್ಲಿಂದು, ಸಿಕ್ಕಿದ್ದು ಉಟ್ಟರು.

ಮುಟ್ಟಲಾರದ ಸರಕು ತರಿಸೋದೂ ಟಿವಿಯಿಂದ ಸುರು ಆದದ್ದಲ್ಲ. ಅಂಚೆ ಇಲಾಖೆಯ ವ್ಹಿ.ಪಿ. ಪದ್ಧತಿ 1877ರಿಂದ ಐತಿ. ಪೇಪರಿನಾಗ ಜಾಹೀರಾತು ನೋಡಿ ಕಾರ್ಡು ಬರಿಯೋದು, ಪೋಸ್ಟಿನವ ಗಂಟು ತರೋದು, ಮೊದಲ ರೊಕ್ಕ ಕೊಟ್ಟು ಆಮ್ಯಾಲ ಗಂಟು ಬಿಚ್ಚೋದು. ಆವಾಗನೂ ಬಿಚ್ಚಿದ ಮ್ಯಾಲ ಬೈಕೊಂಡವರು ಇದ್ದರು. ಆದ್ರ ಗಡಿಯಾರ, ಔಷಧ, ಪುಸ್ತಕ ತರಿಸ್ತಿದ್ರ ಹೊರ್ತು ನಮ್ಮ ಹೆಣ್ಮಕ್ಕಳು ವ್ಹಿ.ಪಿ.ಯಿಂದ ಸೀರಿ ತರಿಸಿದ್ದು ನಾ ಕೇಳಿಲ್ಲ. ಸೀರಿ ಅಂದ್ರ ಕೈಗೆ ಸಿಗಬೇಕು, ಅಷ್ಟ.

ಆ ಕೈಯ ಕಲಿಕಿ ಸಡಲಾದದ್ದು ನೈಲಾನು, ಪಾಲಿಸ್ಟರ್ ಬಂದ ಮ್ಯಾಲ. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಯಲುಸೀಮಿ ಅಕ್ಕಂದಿರು 'ಪಾಲಿಸ್ಟರ್ ಕೆಟ್ಟದ್ದು' ಅಂದು ಬಿಡತಾರ, ಅವರ ಅಂಗಳದಾಗ ಬಿಸಲು ಐತಿ. ನಮ್ಮ ಜಾಂಬೋಟಿ ಮಳಿ ಗೊತ್ತೈತೇನ್ರಿ? ಜೂನದಾಗ ಹಿಡೀತಂದ್ರ ಹೊಲದ ಒಡ್ಡು ಕಾಣೂದಿಲ್ಲ. ಹತ್ತಿ ಸೀರಿ ಮೂರ ದಿವಸ ಆದ್ರೂ ಒಣಗೂದಿಲ್ಲ. ಒಲಿ ಮ್ಯಾಲ ಹಗ್ಗ ಕಟ್ಟಿ ಹಾಕಿದ್ರ ಹೊಗಿ ವಾಸನಿ, ಹಾಕದಿದ್ರ ಬೂಷ್ಟು. ಅಂಥಾದ್ರಾಗ ಹಿಂಡಿ ಒಗದ್ರ ತಾಸಿನಾಗ ಒಣಗೋ ಸೀರಿ ಬಂದಾಗ ನಮ್ಮ ಅವ್ವಂದಿರಿಗೆ ಹಬ್ಬ ಆಗಿತ್ತು. ಇಸ್ತ್ರಿ ಬ್ಯಾಡ, ಗಂಜಿ ಬ್ಯಾಡ, ಕಡಿಮಿ ತೂಕ. ಸೂರತ್ತಿನ ಗಿರಣಿಗಳು ಇದನ್ನ ಹೊಳೀಗತೆ ಹರಿಸಿದವು. 1982ರ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿವಿ ಬಂದ ಮ್ಯಾಲಂತೂ ವಿಮಲ್, ಗಾರ್ಡನ್ ಅನ್ನೋ ಹೆಸರು ಹಳ್ಳಿ ಹೆಣ್ಮಕ್ಕಳಿಗೂ ಬಾಯಿಪಾಠ.

ಕಳಕೊಂಡದ್ದು ಏನಂದ್ರ ಮೊದಲನೇದು ಒಲಿ ಮುಂದಿನ ಭದ್ರತಿ. ಹತ್ತಿ ಸೀರಿ ಸೆರಗಿಗೆ ಕಿಡಿ ಬಿದ್ರ ಉರದು ಬೂದಿ ಆಗತೈತಿ, ಜಾಡಿಸಿ ಕಿತ್ತು ಒಗೀಬಹುದು. ಪಾಲಿಸ್ಟರ್ ಕರಗಿ ಮೈಗೆ ಅಂಟತೈತಿ, ಕೀಳಾಕ ಹೋದ್ರ ಚರ್ಮ ಬರತೈತಿ. ಕಟ್ಟಿಗಿ ಒಲಿ ಮುಂದ ಕುಂಡರೋ ಹೆಣ್ಮಕ್ಕಳಿಗೆ ಈ ಮಾತನ್ನ ಯಾವ ಅಂಗಡಿಯವನೂ ಹೇಳಲಿಲ್ಲ, ಯಾವ ಟಿವಿಯವಳೂ ಹೇಳಿಲ್ಲ. ಎರಡನೇದು, ಹಳೇ ಸೀರಿಯ ಮುಂದಿನ ಬದುಕು. ಹತ್ತಿ ಪತ್ತಲ ಹರದ್ರ ತೊಟ್ಟಿಲಕ್ಕ ಆತು, ಬಾಣಂತಿ ನಡಕಟ್ಟಿಗೆ ಆತು, ಕೂಸಿನ ದುಬಟಿ ಆತು, ಕಡೀಕ ಕೌದಿ. ಪಾಲಿಸ್ಟರ್ ಸೀರಿ ಕೌದಿಗೆ ಹಾಕಿದ್ರ ಸೂಜಿ ಜಾರತೈತಿ, ಹೊತಗೊಂಡ್ರ ಬೆವರು.

ಸರಕಾರ ಸುಮ್ನ ಕುಂತಿರಲಿಲ್ಲ. 1975ರಾಗ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಆತು, ಪ್ರಿಯದರ್ಶಿನಿ ಅಂಗಡಿ ತಗದ್ರು. ಬಡವರಿಗೆ ಸೋವಿ ದರದಾಗ ಜನತಾ ಸೀರಿ ಬಂದವು. 1985ರಾಗ ಕೇಂದ್ರ ಸರಕಾರ 22 ಬಗಿ ಬಟ್ಟಿ ಕೈಮಗ್ಗಕ್ಕ ಮೀಸಲು ಇಟ್ಟು ಕಾಯ್ದೆ ಮಾಡಿತು, ಆಮ್ಯಾಲ ಅದು 11ಕ್ಕ ಇಳೀತು. ದಡಿ ಇರೋ ಸೀರಿನೂ ಆ ಪಟ್ಟಿಯೊಳಗ ಐತಿ. ಕಾಯ್ದೆ ಕಾಗದದಾಗ ಉಳೀತು, ಪಾವರ್‌ಲೂಮಿನ ಸಪ್ಪಳ ಓಣಿ ತುಂಬ್ತು.

ಈಗ ಟಿವಿ ಕಡೆ ಬರೂಣು. ಈ ಧಂದೆ ಹುಟ್ಟಿದ್ದು ಅಮೇರಿಕಾದಾಗ, ಅದೂ ರೇಡಿಯೋದಾಗ. 1977ರಾಗ ಫ್ಲೋರಿಡಾದ ಒಂದು ರೇಡಿಯೋ ಸ್ಟೇಶನ್ನಿಗೆ ಜಾಹೀರಾತು ಕೊಟ್ಟ ಅಂಗಡಿಯವನ ಹತ್ರ ರೊಕ್ಕ ಇರಲಿಲ್ಲ. ಬಾಕಿ ಬದಲಿ ಅವ 112 ಡಬ್ಬಿ ತಗಿಯೋ ಯಂತ್ರ ಕೊಟ್ಟ. ಸ್ಟೇಶನ್ನಿನವರು ಅವನ್ನ ರೇಡಿಯೋದಾಗನ ಕೂಗಿ ಮಾರಿದ್ರು, ಎಲ್ಲಾ ಖಾಲಿ! ಕಾಣಲಾರದ ಸಾಮಾನೂ ಮಾರಬಹುದು ಅಂತ ಅವತ್ತ ಗೊತ್ತಾತು. 1982ರಾಗ ಅವರು ಊರಿನ ಕೇಬಲ್ ಟಿವಿಗೆ ಬಂದ್ರು, 1985ರಾಗ ಇಡೀ ಅಮೇರಿಕಾಕ್ಕ ಹಬ್ಬಿದ್ರು. ನಮ್ಮ ದೇಶದಾಗ 1990ರ ದಶಕದಾಗ ರಾತ್ರಿ ಹೊತ್ತು ಹೊಟ್ಟಿ ಕರಗಿಸೋ ಬೆಲ್ಟು, ಪೂಜಾದ ಯಂತ್ರ ಮಾರೋ ಜಾಹೀರಾತು ಬರತಿದ್ದವು, ನೆನಪೈತೆಲ್ಲ? ಇಪ್ಪತ್ತನಾಕ ತಾಸೂ ಮಾರೋ ಚಾನೆಲ್, ಹೋಮ್‌ಶಾಪ್18, ಬಂದದ್ದು 2008ರಾಗ. ಅದರ ಬೆನ್ನ ಹತ್ತಿ ಬ್ಯಾರೇವೂ ಬಂದವು. ನಮ್ಮ ಗುಡ್ಡದ ಊರಿಗೆ ಕೇಬಲ್ ಬರೋದು ಕಷ್ಟ ಇತ್ತು. ಆದ್ರ 2004ರ ಡಿಸೆಂಬರದಾಗ ದೂರದರ್ಶನದ ಫುಕಟ ಛತ್ರಿ ಬಂದ ಮ್ಯಾಲ ಅಡವ್ಯಾಗಿನ ಮನಿ ಮ್ಯಾಲೂ ಛತ್ರಿ ಹತ್ತಿದವು. ಪ್ಯಾಟಿಗೆ ಬಸ್ಸು ಇಲ್ಲದ ಊರಾಗ ಪ್ಯಾಟಿನ ಪಡಸಾಲಿಗೆ ಬಂತು. ಮಳಿಗಾಲದಾಗ ರಸ್ತೆ ಕಟ್ ಆಗಿ ಮನ್ಯಾಗ ಕುಂತ ಹೆಣ್ಮಗಳಿಗೆ ಅದು ಒಂದು ಖುಷಿನೂ ಹೌದು, ಅದನ್ನ ನಾ ಹಗುರ ಮಾಡೂದಿಲ್ಲ.

ಆದ್ರ ಆ ಮಾರೋ ಕ್ರಮ ನೋಡ್ರಿ. ದೀಪದ ಬೆಳಕಿನಾಗ ಪಾಲಿಸ್ಟರ್ ರೇಷ್ಮಿಗಿಂತಾ ಹೊಳೀತೈತಿ. ಸೀರಿ ಉಟ್ಟ ಹುಡಗಿ ತೆಳ್ಳಗ, ಎತ್ತರ, ಹಿಂದ ಪಿನ್ ಹಾಕಿ ನಿಲ್ಲಿಸಿರತಾರ, ಅಕಿ ಬಗ್ಗಿ ನೀರ ಸೇದಬೇಕಾಗಿಲ್ಲ. ಮೂಲಿಯೊಳಗ ಗಡಿಯಾರ ಓಡತೈತಿ, 'ಇನ್ನ ಹತ್ತ ನಿಮಿಷ', 'ಇನ್ನ ಇಷ್ಟ ಪೀಸು'. ಕಟ್ಟಿ ಮ್ಯಾಲ ಹದಿನೈದು ಮಂದಿ ಕೂಡಿ ತಪಾಸ ಮಾಡೋ ಕೆಲಸಕ್ಕ ಒಬ್ಬಾಕಿಗೆ ಹತ್ತ ನಿಮಿಷ! ಸೀರಿ ಹೊಳ್ಳಿಸಿ ಹಿಂಬದಿ ತೋರಿಸಿದ್ದು ನಾ ಒಂದ ದಿವಸಾನೂ ನೋಡಿಲ್ಲ.

ಮತ್ತ ಮಾತಿನ ಜಾಲ. 'ಸಿಲ್ಕ್ ಫೀಲ್' ಅಂದ್ರ ಸಿಲ್ಕ್ ಇಲ್ಲ. 'ಕಾಟನ್ ಬ್ಲೆಂಡ್' ಅಂದ್ರ ಹತ್ತಿ ಎಷ್ಟು ಅಂತ ಹೇಳೂದಿಲ್ಲ. 'ಆರ್ಟ್ ಸಿಲ್ಕ್' ಅಂದ್ರ ನಮ್ಮ ಅತ್ತಿ 'ಕಲೆ ಐತೆವ್ವ ಅದರಾಗ' ಅಂತಿದ್ರು. ಆ ಆರ್ಟ್ ಕಲೆಯ ಆರ್ಟ್ ಅಲ್ಲ, ಆರ್ಟಿಫಿಶಿಯಲ್ ಅನ್ನೋದರ ಮೊಟಕು, ಅಂದ್ರ ಕೃತಕ. ಉದ್ದದ ಲೆಕ್ಕಾನೂ ಹಂಗ. ಆರು ವಾರಿ ಅಂದ್ರ ಸುಮಾರು ಐದೂವರಿ ಮೀಟರ್, ಬ್ಲೌಸ್ ಪೀಸು ಅದರ ಮ್ಯಾಲ ಎಂಬತ್ತು ಸೆಂಟಿಮೀಟರ್ ಬ್ಯಾರೆ ಇರಬೇಕು. 'ಬ್ಲೌಸ್ ಸಹಿತ ಐದೂವರಿ' ಅಂದ್ರ ನಿಮ್ಮ ಸೆರಗಿನ್ಯಾಗ ಕತ್ತರಿ ಹಾಕಿ ಕುಬಸ ಹೊಲಿಸ್ಕೋರಿ ಅಂದಂಗ. ಒಂಬತ್ತು ವಾರಿ ಉಡೋ ಆಯಿಗಂತೂ ಆ ಅಂಗಡ್ಯಾಗ ಜಾಗಾನ ಇಲ್ಲ.

ನನಗ ಅಗದೀ ಸಿಟ್ಟು ಬರೋದು 'ಇಳಕಲ್' ಅಂತ ಹೆಸರಿಟ್ಟ ಪ್ರಿಂಟ್ ಸೀರಿ ನೋಡಿದಾಗ. ತೆನಿ ಸೆರಗಿನ ಚಿತ್ರ ಛಾಪಿಸಿರತಾರ, ಕೊಂಡಿನೂ ಇಲ್ಲ, ಎರಡ ಹಾಸೂ ಇಲ್ಲ. ಇಳಕಲ್ ಸೀರಿಗೆ ಭೌಗೋಳಿಕ ಗುರ್ತಿನ ನೋಂದಣಿ ಐತಿ, ಎಲ್ಲಿ ಬೇಕಲ್ಲಿ ಮಾಡಿ ಆ ಹೆಸರು ಹಚ್ಚೋ ಹಂಗಿಲ್ಲ. ಒಂದೊಂದೇ ಎಳಿಗೆ ಕೊಂಡಿ ಹಾಕೋ ಹೆಣ್ಮಗಳ ಕೂಲಿ ಹೋಗೋದು ಈ ಛಾಪಾದ ದರದ ಮುಂದ. ಅಕಿ ನಮ್ಮಂಗನ ಮನ್ಯಾಗ ಅಡಿಗಿ ಮಾಡಿ ಮಗ್ಗಕ್ಕ ಕುಂಡರಾಕಿ.

ಹಂಗಾದ್ರ ಇಷ್ಟು ಬೈದ್ರೂ ಈ ಸೀರಿ ಯಾಕ ಖರ್ಚಾಗತಾವು? ಇದಕ್ಕ ಉತ್ತರ ನಮ್ಮ ಕಪಾಟಿನಾಗ ಐತಿ, ಆಯೇರಿ ಗಂಟಿನಾಗ. ಲಗ್ನ, ಕುಬಸ, ಮನಿ ಶಾಂತಿ ಯಾವುದಿದ್ರೂ ಬಂದ ಹೆಣ್ಮಕ್ಕಳಿಗೆಲ್ಲಾ ಸೀರಿ ಉಡಿಸಬೇಕು. ಐವತ್ತು ಸೀರಿ ಬೇಕು, ಚಲೋವು ತರಾಕ ರೊಕ್ಕ ಇಲ್ಲ, ಬಿಡಾಕ ಮರ್ಯಾದಿ ಬಿಡೂದಿಲ್ಲ. ಆವಾಗ 'ನಾಲ್ಕರ ಸೆಟ್' ದೇವರು ಕಳಿಸಿದಂಗ ಕಾಣತೈತಿ. ತಗೊಂಡಾಕಿ ಉಡೂದಿಲ್ಲ, ಮಡಿಚಿ ಇಟ್ಟು ಮುಂದಿನ ಕಾರ್ಯಕ್ಕ ಇನ್ನೊಬ್ಬಾಕಿಗೆ ಕೊಡತಾಳ. ನಮ್ಮ ಓಣ್ಯಾಗ ಒಂದು ಗುಲಾಬಿ ಸೀರಿ ಐದ ಮನಿ ತಿರಗಿ ಮೊದಲ ಕೊಟ್ಟಾಕಿಗೇ ವಾಪಸ್ ಬಂದೈತಿ, ಮಡಿಕಿ ಸುದ್ದಾ ಬಿಚ್ಚಿರಲಿಲ್ಲ! ಯಾರೂ ಉಡಲಾರದ ಸೀರಿಗೆ ಯಾರೂ ಹಿಂಬದಿ ನೋಡೂದಿಲ್ಲ. ಐವತ್ತು ಮಂದಿಗೆ ಬರೇ ಒಂದು ಖಣ, ಹತ್ತಿರದ ನಾಲ್ಕ ಮಂದಿಗೆ ನೇಯ್ಗಿ ಸೀರಿ, ಇಷ್ಟು ಸಾಕು ಅಂತ ಹಿರ್ಯಾರು ಒಬ್ಬರು ಮೊದಲ ಹೇಳಿದ್ರ ಉಳದವರಿಗೂ ಬಿಡುಗಡಿ. ಕಾಕು, ಮಾವಶಿ, ನಿಮಗೇ ಹೇಳಾಕತ್ತೇನಿ.

ತರಿಸೋದಾದ್ರ ಕಾಯ್ದೆನೂ ತಿಳದಿರಲಿ. ನಮ್ಮ ನೆಗೆಣ್ಣಿ ಒಂದು ಚಾನೆಲ್ಲಿಂದ ನಾಲ್ಕು ಸೀರಿ ತರಿಸಿದ್ಲು, ಎರಡರ ಬಣ್ಣ ಬ್ಯಾರೆ, ಒಂದಕ್ಕ ನಡುವ ತೂತು. ವಾಪಸ್ ಅಂದ್ರ 'ನಿಮ್ಮ ಪಿನ್‌ಕೋಡಿಗೆ ಬಂದು ಒಯ್ಯೂದಿಲ್ಲ, ನೀವ ಕೊರಿಯರ್ ಮಾಡ್ರಿ' ಅಂದ್ರು, ಅದೂ ಹಿಂದಿಯೊಳಗ. ಬೆಳಗಾವಿಗೆ ಹೋಗಿಬರೋ ಖರ್ಚು, ಕೊರಿಯರ್ ಖರ್ಚು ಕೂಡಿದ್ರ ಸೀರಿ ರೊಕ್ಕದ ಅರ್ಧ. ಸುಮ್ನ ಆಗಿಬಿಟ್ಲು, ಬಹಳ ಮಂದಿ ಹಿಂಗ ಸುಮ್ನ ಆಗತಾರ. ಆದ್ರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈದಿಂದ ಜಾರಿ ಐತಿ. ಅದರ ಪ್ರಕಾರ ಕಂಪನಿ ಎಲ್ಲೇ ಇರಲಿ, ನಾವು ಇರೋ ಜಿಲ್ಲೆಯ ಆಯೋಗದಾಗ, ಅಂದ್ರ ಬೆಳಗಾವಿಯೊಳಗನ ದೂರು ಕೊಡಬಹುದು. ಮೊದಲ 1915 ನಂಬರಿಗೆ ಫೋನ್ ಮಾಡ್ರಿ, ಅದು ಸರಕಾರದ ಗ್ರಾಹಕರ ಸಹಾಯವಾಣಿ. ಪಾರ್ಸಲ್ ಒಡಿಯೋ ಮುಂದ ಮೊಬೈಲಿನ್ಯಾಗ ವಿಡಿಯೋ ಹಿಡೀರಿ, ಬಿಲ್ಲು ಇಟಗೋರಿ. ರೇಷ್ಮಿ ಅಂತ ಹೇಳಿದ್ರ ಸಿಲ್ಕ್ ಮಾರ್ಕ್ ಚೀಟಿ, ಕೈಮಗ್ಗ ಅಂದ್ರ ಹ್ಯಾಂಡ್‌ಲೂಮ್ ಮಾರ್ಕ್ ಕೇಳ್ರಿ. ಅನುಮಾನ ಇದ್ರ ಸೆರಗಿನ ತುದಿಯಿಂದ ಒಂದೆರಡು ಎಳಿ ಕಿತ್ತು ಇಕ್ಕಳದಾಗ ಹಿಡದು ಕಡ್ಡಿ ಕೊರೀರಿ. ಕಾಗದದಂಗ ಉರದು ಬೂದಿ ಆದ್ರ ಹತ್ತಿ, ಕೂದಲ ಸುಟ್ಟ ವಾಸನಿ ಬಂದ್ರ ರೇಷ್ಮಿ, ಕರಗಿ ಗಟ್ಟಿ ಮಣಿ ಆದ್ರ ಪಾಲಿಸ್ಟರ್.

ನೆಗೆಣ್ಣಿ ಸೀರಿ ಏನಾದ್ವು ಅಂತ ಕೇಳತೀರಿ. ನಮ್ಮ ಗದ್ದಿಗೆ ಕಾಡಹಂದಿ ಕಾಟ ಭಾಳ, ಸುತ್ತ ಹಳೇ ಸೀರಿ ಕಟ್ಟೋ ಪದ್ಧತಿ ಐತೆಲ್ಲ. ನಾಲ್ಕನ್ನೂ ಗೂಟಕ್ಕ ಎಳದು ಕಟ್ಯಾಳ. ಎರಡ ಮಳಿಗಾಲ ಆತು, ಹರಳು ಉದರ್ಯಾವ, ಬಣ್ಣ ಇನ್ನೂ ಹಂಗ ಐತಿ.